ಮಾವನ ಆಂಪ್ಲಿಫೈಯರ್ ಕೆಂಪಾದ ಭಾನುವಾರ

ನಮ್ಮ ಸೋದರಮಾವ ಹಾಡು ಕೇಳಿದ್ದಕ್ಕಿಂತ ಹಾಡು ಕೇಳಲು ತಯಾರಿ ನಡೆಸಿದ್ದೇ ಹೆಚ್ಚು. ಆರ್.ಟಿ. ನಗರದ ಅವರ ಮನೆಯ ಹಾಲಿನಲ್ಲಿ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ಇದೆ. ಟ್ರಾನ್ಸಿಸ್ಟರಿಗೂ ಹಿಂದಿನ ಕಾಲದ್ದು. ಬಲ್ಬುಗಳಂಥ ಅದರ ಗಾಜಿನ ವಾಲ್ವುಗಳು ಚೆನ್ನಾಗಿ ಕಾದ ಮೇಲೆಯೇ ಅದು ಬಾಯಿ ಬಿಡುವುದು. ಎತ್ತಲು ಇಬ್ಬರು ಬೇಕು, ಬೈಯಲು ಅತ್ತೆ ಒಬ್ಬರೇ ಸಾಕು. ಅದು ಕಾಯುವಾಗ ಮನೆಯಲ್ಲಿ ಮಿಕ್ಸಿ ಹಾಕುವಂತಿಲ್ಲ. ಚಟ್ನಿ ಮುಖ್ಯವೋ ಸಂಗೀತ ಮುಖ್ಯವೋ ಎಂದು ಮಾವ ಕೇಳಿದರೆ, ಬರೀ ಇಡ್ಲಿ ಮುಂದಿಟ್ಟುಕೊಂಡು ಕೂತ ನಾವು ಏನು ಹೇಳಬೇಕು?

ಆ ಭಾನುವಾರ ಮಾತ್ರ ನಗುವಂತಿರಲಿಲ್ಲ. ಕೆಳಗಿನ ಮನೆಯ ಸಾಹೇಬರು ಸಂಜೆ ಬರುವವರಿದ್ದರು. ಮಾವನೂ ಅವರೂ ಒಂದೇ ಕಾರ್ಖಾನೆಯಲ್ಲಿ ದುಡಿದವರು. ಅಲ್ಲಿನ ಯಂತ್ರಗಳ ಸದ್ದಿಗೆ ಸಾಹೇಬರ ಎಡಗಿವಿ ಎಂದೋ ಹೋಗಿತ್ತು. ಈಗ ಬಲಗಿವಿಯ ಒಳಗೆ ಗಡ್ಡೆ. ಮರುದಿನವೇ ಆಸ್ಪತ್ರೆಗೆ ಸೇರಬೇಕಿತ್ತು. ಗಡ್ಡೆ ತೆಗೆದ ಮೇಲೆ ಕಿವಿ ಕೇಳಿಸುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ.

“ಹೋಗೋಕ್ ಮುಂಚೆ ನಿಮ್ ಸೆಟ್‌ನಲ್ಲಿ ಒಂದ್ಸಲ ಸಾರಂಗಿ ಕೇಳ್ಬೇಕು ರಾಯರೇ,” ಎಂದು ಸಾಹೇಬರು ಮಾವನಿಗೆ ಹೇಳಿದ್ದರು.

ಊಟವಾದ ಮೇಲೆ ಮಾವ ಪರೀಕ್ಷೆಗೆಂದು ಸ್ವಿಚ್ ಹಾಕಿದರು. ಬಾಗಲಗುಂಟೆಯಿಂದ ಅವರನ್ನು ನೋಡಲು ಬಂದಿದ್ದ ನಾನೂ ಪಕ್ಕದಲ್ಲಿದ್ದೆ. ಸ್ಪೀಕರಿಗೆ ಶಕ್ತಿ ಕೊಡುವ ಎರಡು ದೊಡ್ಡ ವಾಲ್ವುಗಳು ಮೊದಲು ಸಣ್ಣಗೆ ಬೆಳಗಿದವು. ಆಮೇಲೆ ಬಲಗಡೆಯದರ ಒಳಗಿನ ಬೂದು ತಗಡು ಕುಲುಮೆಯ ಕಬ್ಬಿಣದಂತೆ ಕೆಂಪಾಗತೊಡಗಿತು. ಸ್ಪೀಕರು ಗುಂಯ್ ಎಂದಿತು. ಮಾವ ಹಾರಿ ಹೋಗಿ ಸ್ವಿಚ್ ಆರಿಸಿದರು.

“ಇನ್ನೊಂಚೂರು ಬಿಟ್ಟಿದ್ರೆ ಟ್ರಾನ್ಸ್‌ಫಾರ್ಮರೂ ಸುಟ್ಟೋಗಿರೋದು. ಅದು ಎಲ್ಲೂ ಸಿಗಲ್ಲ ಕಣೇ.”

“ಹೊಸ ವಾಲ್ವ್ ಇದೆಯಲ್ಲ ಮಾವ, ಹಾಕ್ಬಿಡಿ.”

ಆ ಹೊಸ ವಾಲ್ವನ್ನು ಅವರು ಅತ್ತೆಯ ಉಣ್ಣೆ ಟೋಪಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದರು. ಚಳಿಗಾಲದಲ್ಲಿ ಅತ್ತೆ ತಲೆಗೆ ಸೆರಗು ಹೊದೆಯುತ್ತಿದ್ದರು.

“ಕಾಯಿಲೆ ಯಾರಿಗೆ ಅಂತ ಗೊತ್ತಾಗ್ದೆ ಔಷಧಿ ಕೊಡ್ತಾರಾ? ತಪ್ಪು ಕೆಳಗಿನ ಸರ್ಕ್ಯೂಟ್‌ದಾದ್ರೆ ಹೊಸದೂ ಸುಟ್ಟೋಗತ್ತೆ.”

ವಾಲ್ವುಗಳು ತಣ್ಣಗಾಗುವವರೆಗೆ ಕಾದು, ಎರಡನ್ನೂ ಅದಲುಬದಲು ಮಾಡಿದರು. ಕೆಂಪು ಬಣ್ಣವೂ ವಾಲ್ವಿನ ಜೊತೆಗೆ ಎಡಕ್ಕೆ ಬಂದರೆ ದೋಷ ವಾಲ್ವಿನದು. ಬಲಗಡೆಯೇ ಉಳಿದರೆ ಅದು ಕೂತ ಜಾಗದ್ದು. ನನ್ನನ್ನು ಸ್ವಿಚ್ ಬಳಿ ನಿಲ್ಲಿಸಿ, “ನಾನು ಹೂಂ ಅಂದ ತಕ್ಷಣ ಆರ್ಸು,” ಎಂದರು. ವಾಲ್ವುಗಳು ಬೆಳಗತೊಡಗಿದವು. ಮಾವನ ಮೂಗು ಗಾಜಿಗೆ ತಾಗುವಂತಿತ್ತು. ಅಡುಗೆಮನೆಯಿಂದ ಅತ್ತೆ, “ಕಾಫಿ ಕುಡೀತೀರಾ?” ಎಂದರು.

“ಹೂಂ.”

ನಾನು ಆರಿಸಿದೆ.

ಕಾಫಿಗೂ ಕರೆಂಟಿಗೂ ಒಂದೇ ಪದ ಇಟ್ಟುಕೊಂಡದ್ದು ನನ್ನ ತಪ್ಪೇ? ಎರಡನೆಯ ಸಲಕ್ಕೆ ಸಂಕೇತ ‘ರಾಮ’ ಎಂದಾಯಿತು. ವಾಲ್ವ್ ಬದಲಾಗಿದ್ದರೂ ಕೆಂಪು ಬಲಗಡೆಯೇ ಏರಿತು. ಮಾವನಿಗೆ ರಾಮನೂ ಮರೆತುಹೋದ, ನಾನಾಗಿಯೇ ಆರಿಸಿದೆ.

“ವಾಲ್ವ್ ಸರಿ ಇದೆ. ಅದ್ರ ಹಿಂದಿನ ಕೆಪಾಸಿಟರ್ ಸೋರ್ತಿದೆ,” ಎಂದರು. ಸಂಗೀತವನ್ನಷ್ಟೇ ದಾಟಿಸಿ ಜೋರು ವಿದ್ಯುತ್ತನ್ನು ತಡೆಯಬೇಕಾದ ಪುಟ್ಟ ಕಾವಲುಗಾರ ಅದು. ಹೊಸದನ್ನು ತಂದಿಟ್ಟದ್ದು ಮಾವನಿಗೆ ನೆನಪಿತ್ತು, ಎಲ್ಲಿಟ್ಟೆನೆಂಬುದು ಇರಲಿಲ್ಲ. ಭಾನುವಾರ ಅಂಗಡಿಗಳೂ ಇಲ್ಲ. ಬೀರು, ಅಟ್ಟ, ಮಂಚದ ಕೆಳಗು ಎಲ್ಲ ಜಾಲಾಡಿದೆವು. ಮಾವ ಬೆವತು ಕುರ್ಚಿಯಲ್ಲಿ ಕುಸಿದರು. ಕೊನೆಗೆ ಅತ್ತೆ ಹೊಲಿಗೆಯ ಡಬ್ಬಿ ತಂದು ಹಿಡಿದರು.

“ಈ ಹಳದೀದಾ? ಗುಂಡಿ ಅನ್ಕೊಂಡು ಎತ್ತಿಟ್ಟಿದ್ದೆ. ತೂತೇ ಇಲ್ವಲ್ಲ ಅಂತ ಯೋಚ್ನೆ ಮಾಡ್ತಿದ್ದೆ.”

ಮಾವನೂ ನಾನೂ ಸೇರಿ ಆಂಪ್ಲಿಫೈಯರನ್ನು ಮಗುಚಿಟ್ಟೆವು. ಪ್ಲಗ್ ಕಿತ್ತ ಮೇಲೂ ಅದರ ಹೊಟ್ಟೆಯಲ್ಲಿ ಆಳು ಸಾಯುವಷ್ಟು ವಿದ್ಯುತ್ತು ಉಳಿದಿರುತ್ತದಂತೆ. ಮಾವ ಆ ವಿದ್ಯುತ್ತನ್ನು ಇಳಿಸಿ, ಮೀಟರಿನ ಮುಳ್ಳು ಸೊನ್ನೆಗೆ ಬಂದದ್ದನ್ನು ನನಗೂ ತೋರಿಸಿ, ಬೆಸುಗೆಗೆ ಕೈಹಾಕಿದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸಾಹೇಬರ ಹೆಜ್ಜೆ ಸದ್ದು. ಅತ್ತೆ ಓಡಿಹೋಗಿ ಅವರನ್ನು ಬಾಲ್ಕನಿಯಲ್ಲಿ ಕೂರಿಸಿ, ಮಾವನ ಕಾಫಿಯನ್ನು ಅವರ ಕೈಗಿಟ್ಟರು.

ಬೆಸುಗೆ ಮುಗಿದು ಆಂಪ್ಲಿಫೈಯರನ್ನು ನೆಟ್ಟಗಿಟ್ಟ ಮೇಲೆ ನಾನು ಸ್ವಿಚ್ ಹಾಕಿದೆ. ವಾಲ್ವುಗಳು ಕಾದವು. ನಾವಿಬ್ಬರೂ ಬಗ್ಗಿ ನೋಡಿದೆವು. ಬೂದು ತಗಡು ಬೂದಾಗಿಯೇ ಉಳಿಯಿತು. ಸ್ಪೀಕರು ಸುಮ್ಮನಿತ್ತು.

ಸಾಹೇಬರು ಒಳಗೆ ಬಂದರು. ಅವರ ಬಲಗಿವಿ ಸ್ಪೀಕರಿಗೆ ಎದುರಾಗುವಂತೆ ಮಾವ ಕುರ್ಚಿ ತಿರುಗಿಸಿ, ರೆಕಾರ್ಡಿನ ಮೇಲೆ ಸೂಜಿ ಇಳಿಸಿದರು. ಸಾರಂಗಿ ಶುರುವಾಯಿತು. ಮಾವ ವಾಲ್ವುಗಳ ಕಡೆ ಒಂದು ಸಲವೂ ತಿರುಗಲಿಲ್ಲ. ಕಣ್ಣು ಮುಚ್ಚಿದ್ದ ಗೆಳೆಯನ ಮುಖವನ್ನೇ ನೋಡುತ್ತ ಕೂತಿದ್ದರು.

ಸಾರಂಗಿ ಮುಗಿಯಿತು. ಸೂಜಿ ಕೊನೆಯ ಗೆರೆಯಲ್ಲಿ ಕರಕರ ಎನ್ನುತ್ತ ಸುತ್ತತೊಡಗಿತು. ಅದನ್ನೆತ್ತಲು ಎದ್ದ ಮಾವನ ಮಣಿಕಟ್ಟನ್ನು ಸಾಹೇಬರು ಹಿಡಿದುಕೊಂಡರು.

“ಇರ್ಲಿ ರಾಯರೇ. ಅದೂ ಕೇಳ್ಕೋತೀನಿ.”

ಮಾವ ಮತ್ತೆ ಕೂತರು. ಕೈಯನ್ನು ಬಿಡಿಸಿಕೊಳ್ಳಲಿಲ್ಲ.