ತುಟಿಗೆ ಹತ್ತಿದ ಜೋಮು

ಬೆಳಗ್ಗೆ ಎದ್ದು ನೋಡಿದರೆ ಹಿತ್ತಿಲಿನ ಬಕೆಟ್ಟು ಬರಿದಾಗಿತ್ತು. ಪರ್ವತಯ್ಯ ತಾವರೆಕೆರೆಯ ಕೆಸರಿನಲ್ಲಿ ತಡಕಿ ತಂದಿದ್ದ ಚಿಪ್ಪುಮೀನುಗಳು ಅದರಲ್ಲಿದ್ದವು. ಚಿಕ್ಕಮ್ಮ ಈರಕ್ಕನನ್ನು ಕೇಳೋಣವೆಂದರೆ ಅವಳು ಆಗಲೇ ಕೂಲಿಗೆ ಹೋಗಿದ್ದಳು.

ಎಂಬತ್ನಾಲ್ಕರ ಆ ಬೇಸಿಗೆಯಲ್ಲಿ ಕೆರೆಯ ಮೇಲೆ ಹಸಿರು ಪಾಚಿ ಕಟ್ಟಿತ್ತು. ಗಾಳಿ ಬೀಸಿದರೆ ನೀರು ನಿದ್ದೆಗಣ್ಣಿನ ಮಗುವಿನಂತೆ ಒಮ್ಮೆ ಮಿಸುಕಿ ಸುಮ್ಮನಾಗುತ್ತಿತ್ತು. ಆ ಪಾಚಿಯ ವಿಷ ಚಿಪ್ಪುಮೀನಿಗೆ ಇಳಿದು, ತಿಂದವರ ತುಟಿಗೆ ಜೋಮು ಹಿಡಿಸುತ್ತದೆ ಎಂಬುದು ಪರ್ವತಯ್ಯನ ಸಂಶೋಧನೆ. "ಅದು ಸಮುದ್ರದ ಕಾಯಿಲೆಯಪ್ಪ, ಶಿರಾಕ್ಕೆ ಬಸ್ಸು ಹತ್ತಿ ಬರುತ್ತಾ?" ಎಂದು ಅವನಿಗೆ ಮಾರ್ಗದರ್ಶಕರಾಗಿದ್ದ ಮಂಗಳೂರಿನ ಪ್ರೊಫೆಸರು ನಕ್ಕಿದ್ದರು. ಒಂದೇ ಒಂದು ಪುರಾವೆ ಸಿಗದಿದ್ದರೆ ಅವನ ಸಂಶೋಧನೆ ಅಲ್ಲಿಗೆ ಮುಗಿಯುತ್ತಿತ್ತು.

ಈಗ ಪುರಾವೆಯನ್ನೇ ಯಾರೋ ತಿಂದಿದ್ದರು! ಅವನು ಬೀದಿಗೆ ಓಡಿ, ಚಿಪ್ಪುಮೀನು ತಿಂದವರು ಯಾರೆಂದು ಕೂಗಿದ.

"ತಿಂದ್ರೆ ಏನಾಯ್ತದ್ಲಾ?" ಎದುರುಮನೆಯ ಯತ್ತಪ್ಪ ಕೇಳಿದ.

"ಮೊದ್ಲು ತುಟಿ ಜೋಮು ಹಿಡೀತದೆ."

ಯತ್ತಪ್ಪ ತುಟಿ ಮುಟ್ಟಿಕೊಂಡು ಧ್ಯಾನಿಸಿದ. "ಹಿಡ್ದೈತೆ ಕಣ್ಲಾ!"

"ಚಿಪ್ಪುಮೀನು ತಿಂದ್ಯಾ?"

"ಇಲ್ಲ. ಆದ್ರೂ ಹಿಡ್ದೈತೆ."

ಮಧ್ಯಾಹ್ನದೊಳಗೆ ಜೋಮು ಬೆಂಕಿಪೊಟ್ಟಣದ ಹಾಗೆ ಮನೆಯಿಂದ ಮನೆಗೆ ಹೋಯಿತು. "ನಂಗೆ ಕಿವೀನೂ ಜೋಮು ಕಣಪ್ಪ, ಗಂಡ ಮಾತಾಡೋದೇ ಕೇಳ್ತಿಲ್ಲ" ಎಂದಳು ರಾಮಾಂಜಿನಮ್ಮ. ಜಗಲಿಗಳ ಮೇಲೆ ಜನ ತುಟಿ ಹಿಡಿದುಕೊಂಡು ಕುಳಿತರು. ಬೀದಿ ಕೆರೆಯಷ್ಟೇ ನಿಶ್ಶಬ್ದವಾಯಿತು.

ಪರ್ವತಯ್ಯ ಎಲ್ಲರನ್ನೂ ಶಿರಾಕ್ಕೆ ಕರೆದೊಯ್ದ. ಅಲ್ಲಿನ ಡಾಕ್ಟರು ಒಬ್ಬೊಬ್ಬರ ತುಟಿಯನ್ನೂ ಚಿವುಟಿದರು. ಎಲ್ಲರೂ ಕಿರುಚಿದರು. "ಏನೂ ಆಗಿಲ್ಲ, ಹೋಗ್ರಿ" ಎಂದರು ಡಾಕ್ಟರು. ಊರು ಮುಟ್ಟುವವರೆಗೂ ಅಷ್ಟೂ ತುಟಿಗಳು ಪರ್ವತಯ್ಯನನ್ನು ಬೈದವು.

ಸಂಜೆ ಈರಕ್ಕ ಮುದ್ದೆ, ಕೋಳಿಸಾರು ಬಡಿಸಿದಳು. ಅವನು ಉಣ್ಣತೊಡಗಿದ. ಬೇಸಿಗೆಯ ಇಳಿಬಿಸಿಲು ಒಂದು ಬಗೆಯ ಮಂಪರು ತರಿಸುತ್ತಿತ್ತು.

"ಸಾರಿಗೆ ಖಾರ ಮರ್ತ್ಯಾ ಚಿಕ್ಕಮ್ಮ?"

"ಹಿಡಿ ತುಂಬ ಹಾಕಿವ್ನಿ!"

"ಹುಂಜ ಯಾಕೆ ಕೊಯ್ದೆ?"

"ಸುಣ್ಣ ಸುಡೋಕೆ ನಿನ್ ಬಕೆಟ್ಟಿನ್ ಚಿಪ್ಪು ಬೇಕಿತ್ತು. ಒಳಗಿನ ಮಾಂಸ ಹುಂಜಕ್ಕೆ ಹಾಕಿ ಹೋಗಿದ್ದೆ. ಬಂದು ನೋಡಿದ್ರೆ ಕುಡುದೋನಂಗೆ ಓಲಾಡ್ತಿತ್ತು. ಸತ್ತೋಗೋಕ್ ಮುಂಚೆ ಕೊಯ್ದುಬುಟ್ಟೆ. ಇವತ್ತು ಶನಿವಾರ, ನಾನ್ ಮುಟ್ಟಲ್ಲ. ನೀನು ಓದ್ದೋನು, ವಾರ ಗೀರ ನೋಡಲ್ವಲ್ಲ, ಪೂರ್ತಿ ನಿಂಗೇ."

ಪರ್ವತಯ್ಯ ತುಟಿ ಮುಟ್ಟಿಕೊಂಡ. ಅದು ಬೇರೆ ಯಾರದೋ ತುಟಿಯಂತಿತ್ತು. ಪುರಾವೆ! ಹೆದರಿಕೆಯೂ ಸಂತೋಷವೂ ಒಟ್ಟಿಗೇ ಬಂದವು; ಅವನು ಬೀದಿಗೆ ಓಡಿದ. "ನಂಗೆ ಜೋಮು ಹಿಡ್ದೈತೆ!"

"ಬಾರ್ಲಾ ಇಲ್ಲಿ" ಎಂದು ಯತ್ತಪ್ಪ ಅವನ ತುಟಿಯನ್ನು ಬಲವಾಗಿ ಚಿವುಟಿದ. ಆಮೇಲೆ ರಾಮಾಂಜಿನಮ್ಮ ಉಗುರಿಟ್ಟು ಚಿವುಟಿದಳು. ಪರ್ವತಯ್ಯ ಪಿಟಕ್ಕೆನ್ನಲಿಲ್ಲ.

"ನೋಡ್ರಪ್ಪ, ಒಂಚೂರೂ ನೋವಿಲ್ಲ ಇವ್ನಿಗೆ!" ಯತ್ತಪ್ಪ ಬೀದಿಗೆಲ್ಲ ಸಾರಿದ. "ಗುಂಡುಕಲ್ಲಿನಂಗವ್ನೆ, ಏನೂ ಆಗಿಲ್ಲ. ಹೋಗ್ ಮಲ್ಕೊ, ಹೋಗು."