ಮೂಕಿ ಸಿನಿಮಾಕ್ಕೆ ನಾನು ಕೊಟ್ಟ ಮಾತು

ಹಳೆಯ ಅಮೆರಿಕನ್ ಸಿನಿಮಾಗಳ ಬಗ್ಗೆ ನನ್ನ ಜ್ಞಾನ ಅಪಾರವಾದದ್ದು. ಕಪ್ಪು ಬಿಳುಪು ಎಂದರೆ ಮೂಕಿ. ಅಷ್ಟೇ! ಆ ಡಾಟ್ ಕಾಮ್ ಕಾಲದಲ್ಲಿ ಇಷ್ಟು ತಿಳಿದವನನ್ನು ಪರಿಣತನೆಂದೇ ಕರೆಯುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಹಲ್ಲುಪುಡಿ ಮಾರಲು ಹೊರಟಿದ್ದ ನಮ್ಮ ಕಂಪನಿಯಲ್ಲಂತೂ ಇದಕ್ಕಿಂತ ಕಡಿಮೆ ತಿಳಿದವರು ವೈಸ್ ಪ್ರೆಸಿಡೆಂಟ್ ಆಗಿದ್ದರು.

ಈ ಜ್ಞಾನವನ್ನು ಬಳಸುವ ಸಂದರ್ಭವನ್ನು ನಮ್ಮ ಅತ್ತೆಯವರು ಒದಗಿಸಿದರು. ಮಗಳ ಬಾಣಂತನಕ್ಕೆಂದು ಮಂಡ್ಯದಿಂದ ಅಮೆರಿಕದ ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿಗೆ ಬಂದವರು, ಹೆರಿಗೆಗೆ ಇನ್ನೂ ತಿಂಗಳಿರುವಾಗಲೇ ಬೇಸರ ಹತ್ತಿ ಸೂಟ್‌ಕೇಸ್ ಹೊರಗೆಳೆದರು.

“ಬೀದೀಲಿ ಒಂದ್ ನರಪಿಳ್ಳೆ ಇಲ್ಲ. ಟೀವಿ ಹಾಕುದ್ರೆ ಅವ್ರ ಮಾತು ತಿಳಿಯಾಕಿಲ್ಲ. ಟಿಕೆಟ್ ಮಾಡ್ಸಿ ಅಳಿಯಂದ್ರೇ, ಊರಿಗ್ ಹೋಯ್ತೀನಿ.”

ನನ್ನ ಹೆಂಡತಿ ಸುಮಾ ಕಂಗಾಲಾದಳು. “ರೀ, ಅಮ್ಮ ಹೋದ್ರೆ ಮಗೂಗೆ ಎಣ್ಣೆ ನೀರು ಹಾಕೋರ್ಯಾರು? ನೀವಾ?”

ನಾನು ನನ್ನ ಕೈಗಳನ್ನು ನೋಡಿಕೊಂಡೆ. ನನಗೇ ಭಯವಾಯಿತು.

“ಮಾತೇ ಇಲ್ಲದ ಸಿನಿಮಾ ತರ್ತೀನಿ. ಪ್ರಾಬ್ಲಮ್ಮು ಸಾಲ್ವ್!” ಎಂದು ಘೋಷಿಸಿ, ಫ್ರೀವೇ ಹಿಡಿದು ಲಾಸ್ ಗ್ಯಾಟೋಸ್‌ವರೆಗೆ ಹೋಗಿ, ಹಳೆಯ ಸಿನಿಮಾಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಿಂದ ಒಂದು ಕ್ಯಾಸೆಟ್ ತಂದೆ. ಹೇಗೆ ಆರಿಸಿದೆ? ಡಬ್ಬದ ಮೇಲಿನ ಚಿತ್ರ ಕಪ್ಪು ಬಿಳುಪಾಗಿತ್ತು!

ಅತ್ತೆ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ತೆರೆಯ ಮೇಲೆ ಒಬ್ಬ ಹುಡುಗಿ ಬಂದು ಬಾಯಿ ತೆರೆದಳು. ಮುಚ್ಚಲೇ ಇಲ್ಲ. ಅರಳು ಹುರಿದಂತೆ ಮಾತು!

“ಮೂಕಿ ಅಂದ್ರಲ್ಲಾ?”

ರಿಮೋಟಿನಲ್ಲಿ ಮ್ಯೂಟ್ ಒತ್ತಿದೆ. “ಈಗ ಮೂಕಿ, ಅತ್ತೆ. ಕಥೆ ನಾನ್ ಹೇಳ್ತೀನಿ.”

ಮ್ಯೂಟ್ ಒತ್ತದೆಯೇ ಅನುವಾದ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಆಫೀಸಿನ ಮೀಟಿಂಗುಗಳಲ್ಲೇ ಅವರ ಮಾತು ತಿಳಿಯದೆ ಸುಮ್ಮನೆ ತಲೆಯಾಡಿಸಿ ಸಂಬಳ ಪಡೆಯುತ್ತಿದ್ದವನು ನಾನು.

ಹುಡುಗಿ ರೈಲು ನಿಲ್ದಾಣಕ್ಕೆ ಓಡಿದಳು. ಟೋಪಿಯ ಆಸಾಮಿಯೊಬ್ಬ ಇಳಿದ. ಅವಳು ಅವನನ್ನು ತಬ್ಬಿಕೊಂಡು ಕೆನ್ನೆಗೆ ಮುತ್ತಿಟ್ಟಳು. ಅತ್ತೆಯ ಮುಂದೆ! ಮನೆಯ ಮರ್ಯಾದೆ ಕಾಪಾಡುವ ಹೊಣೆ ನನ್ನ ಮೇಲೆ ಬಿತ್ತು.

“ಅವಳ ಅಣ್ಣ, ಅತ್ತೆ. ಮಿಲಿಟರಿಯಿಂದ ಬಂದ.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಪಾಪ, ಎಷ್ಟ್ ಸೊರಗವ್ನೆ.”

ಗೆಲುವು ನನ್ನ ತಲೆಗೇರಿತು. ಇಬ್ಬರಿಗೂ ಸೇರಿ ಒಬ್ಬ ಕಾಯಿಲೆಯ ತಾಯಿಯನ್ನೂ, ಜಮೀನು ನುಂಗಿದ ಚಿಕ್ಕಪ್ಪನನ್ನೂ ಧಾರಾಳವಾಗಿ ದಯಪಾಲಿಸಿದೆ.

“ರೀ, ಅಣ್ಣ ಅನ್ನೋದು ಗ್ಯಾರಂಟಿನಾ?” ಸುಮಾ ಪಿಸುಗುಟ್ಟಿದಳು.

“ಸುಮ್ನಿರೆ.”

ಅಷ್ಟರಲ್ಲಿ ಅಣ್ಣ ಮಂಡಿಯೂರಿ ಉಂಗುರ ತೆಗೆದ! ನಾನು ಎದೆಗುಂದಲಿಲ್ಲ. “ಇವರಲ್ಲಿ ಅಣ್ಣಂದಿರು ತಂಗೀಗೆ ಉಂಗುರ ಕೊಡೋ ಹಬ್ಬ ಇದೆ, ಅತ್ತೆ.”

“ನಮ್ ಗೌರಿ ಹಬ್ಬದ್ ಬಾಗಿನ ಇದ್ದಂಗೆ,” ಎಂದು ಅತ್ತೆ ಮೆಚ್ಚಿಕೊಂಡರು.

ಮುಂದಿನ ದೃಶ್ಯ ಚರ್ಚು. ಬಿಳಿ ಗೌನು, ಪಾದ್ರಿ, ಹೂವು. ಆಮೇಲೆ ತುಟಿಗೆ ತುಟಿ, ಟೀವಿ ತುಂಬ!

“ಅಯ್ಯಯ್ಯೋ! ಅಣ್ಣನ್ನೇ ಕಟ್ಕಂಡ್ಲಾ? ಇಂಥಾ ದೇಸದಾಗೆ ನಾನಿರಾಕಿಲ್ಲ!” ಅತ್ತೆ ಎದ್ದೇ ಬಿಟ್ಟರು.

“ಒಡಹುಟ್ಟಿದ ಅಣ್ಣ ಅಲ್ಲ ಅತ್ತೆ! ಸೋದರತ್ತೆ ಮಗ!”

ಅತ್ತೆ ಮತ್ತೆ ಕೂತರು. “ಅಂಗಾದ್ರೆ ಸೈ. ವರಸೆ ಆಯ್ತದೆ.” ನನಗೆ ಹೋದ ಜೀವ ಬಂದಂತಾಯಿತು. ಅವರು ಒಂದು ಕ್ಷಣ ಯೋಚಿಸಿದರು. “ಮತ್ತೆ ಇಬ್ರಿಗೂ ಒಬ್ಳೇ ತಾಯಿ ಅಂದಿದ್ರಲ್ಲಾ?”

ನನ್ನನ್ನೇ ಮ್ಯೂಟ್ ಮಾಡುವ ಗುಂಡಿ ಇದೆಯೇ ಎಂದು ರಿಮೋಟಿನಲ್ಲಿ ಹುಡುಕಿದೆ. ಸುಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅತ್ತೆ ನೆಟ್ಟಗೆ ಕೋಣೆಗೆ ಹೋಗಿ ಸೂಟ್‌ಕೇಸಿಗೆ ಕೈ ಹಾಕಿದರು. ಮುಗಿಯಿತು ಎಂದುಕೊಂಡೆ. ಅವರು ಅದನ್ನು ಮಂಚದ ಕೆಳಗೆ ತಳ್ಳಿದರು.

“ಸುಮಾ, ನಾನ್ ಎಲ್ಲೂ ಹೋಗಾಕಿಲ್ಲ. ಅಣ್ಣ ಯಾರು, ಗಂಡ ಯಾರು ಅಂತ ತಿಳೀದೋರ್ ಕೈಗೆ ಕೂಸ್ ಕೊಟ್ಬುಟ್ ಹೋಗಕಾಯ್ತದಾ?”

ಹೀಗೆ ಅತ್ತೆಯವರನ್ನು ಉಳಿಸಿಕೊಳ್ಳುವ ನನ್ನ ಯೋಜನೆ ಸಂಪೂರ್ಣ ಯಶಸ್ವಿಯಾಯಿತು. ಮಗು ಹುಟ್ಟಿದ ದಿನ ಅವರೇ ಕೂಸನ್ನು ನನ್ನ ಮುಂದೆ ಹಿಡಿದು, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು: “ಸರಿಯಾಗ್ ನೋಡ್ಕಳಿ ಅಳಿಯಂದ್ರೇ. ಇದು ನಿಮ್ ಮಗಳು.”