ರಾಕ್ ಗಾಯಕನ ತುಳು

ಎಪ್ಪತ್ತರ ದಶಕದ ಒಬ್ಬ ಮಹಾನ್ ಇಂಗ್ಲಿಷ್ ರಾಕ್ ಗಾಯಕನಿಗೆ ತುಳು ಬರುತ್ತಿತ್ತು ಎಂಬ ಸಂಗತಿ ಈ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ನನ್ನ ಸೋದರಮಾವ. ಊರು ಉಡುಪಿಯ ಕಡೆ, ವಾಸ ಡೊಂಬಿವಲಿ, ಕೆಲಸ ಠಾಣೆಯ ಒಂದು ಕಾರ್ಖಾನೆಯಲ್ಲಿ. ಮನಸ್ಸು ಮಾತ್ರ ಸದಾ ಲಂಡನ್ನಿನಲ್ಲಿ.

ಆ ಗಾಯಕನ ಆಲ್ಬಮ್ಮೊಂದರ ಹಳೆಯ ಕ್ಯಾಸೆಟ್ ಅವರ ಬಳಿ ಇತ್ತು. ಮೂರನೆಯ ಹಾಡಿನಲ್ಲಿ ಡ್ರಮ್ಮು, ಗಿಟಾರು ಎಲ್ಲ ಒಟ್ಟಿಗೆ ಮೈಮೇಲೆ ಬೀಳುವಾಗ ಗಾಯಕ ಎರಡಕ್ಷರ ಕೂಗುತ್ತಾನೆ. ಅದು 'ಬಲೆ' ಎಂದು ಮಾವನ ವಾದ. ತುಳುವಿನಲ್ಲಿ 'ಬನ್ನಿ' ಎಂದರ್ಥ.

"ಏಕವಚನದಲ್ಲಿ 'ಬಲ' ಅಂತ ಕರೆಯುವುದಿಲ್ಲ ಅವ. ಗೌರವ ಕೊಟ್ಟೇ ಕರೆಯುವುದು. ಸಂಸ್ಕಾರ ನೋಡು."

"ಅವನಿಗೆ ತುಳು ಕಲಿಸಿದ್ದು ಯಾರು ಮಾವ?"

"ಲಂಡನ್ನಿನಲ್ಲಿ ಉಡುಪಿಯವರ ಹೋಟೆಲು ಒಂದಾದರೂ ಇಲ್ಲದೆ ಇರ್ತದಾ ಮಾರಾಯ?"



ಬೆಳಗಿನ ಲೋಕಲ್ ರೈಲಿನಲ್ಲಿ ಮಾವನಿಗೆ ಇಬ್ಬರು ಗೆಳೆಯರಿದ್ದರು. ಒಬ್ಬರು ಮರಾಠಿ ಮಾಸ್ತರರು, ಇನ್ನೊಬ್ಬರು ಉಲ್ಹಾಸನಗರದ ಸಿಂಧಿ ಬಟ್ಟೆ ವ್ಯಾಪಾರಿ. ಒಂದು ದಿನ ಇಬ್ಬರ ಕಿವಿಗೂ ಇಯರ್‌ಫೋನ್ ತುರುಕಿ ಪರೀಕ್ಷೆ ಮಾಡಿದರು. ಮಾಸ್ತರರಿಗೆ ಮರಾಠಿಯ 'ಭಲೇ' ಕೇಳಿಸಿತು. ವ್ಯಾಪಾರಿಗೆ ಸಿಂಧಿಯಲ್ಲಿ ಯಾರೋ 'ಭಲೀ' ಎಂದು ಸ್ವಾಗತಿಸಿದಂತಾಯಿತು. ಮಾವ ಸೋಲಲಿಲ್ಲ. "ಪದ ಒಂದೇ. ಇವರಿಬ್ಬರ ಕಿವಿಯ ಉಚ್ಚಾರ ಸರಿ ಇಲ್ಲ" ಎಂದು ತೀರ್ಪು ಕೊಟ್ಟರು.

ಮಾವ ನಿವೃತ್ತರಾಗಿ ಸಾನಪಾಡಾದ ಫ್ಲ್ಯಾಟಿಗೆ ಬಂದ ಮೇಲೆ ಅದೇ ಆಲ್ಬಮ್ ಹೈ-ರೆಸಲ್ಯೂಶನ್ ಡಿಸ್ಕ್ ಆಗಿ ಮತ್ತೆ ಹೊರಬಂತು. ಮಗಳು ತರಿಸಿಕೊಟ್ಟಳು. "ಪಪ್ಪಾ, ಇಸ್‌ಮೆ ಸಬ್ ಕ್ಲಿಯರ್ ಸುನಾಯಿ ದೇಗಾ" ಎಂದಳು. ಎಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ ಎಂದ ಮೇಲೆ ಮಾವನಿಗೆ ಕೋರ್ಟಿನಲ್ಲಿ ಕೇಸು ಗೆದ್ದಷ್ಟು ಸಂತೋಷ. ಆದರೆ ಮನೆಯ ಪ್ಲೇಯರು ಡಿಸ್ಕನ್ನು ನುಂಗಿ, ಒಂದು ಕ್ಷಣ ಯೋಚಿಸಿ, ಹೊರಗೆ ನೂಕಿತು. ಸಿಂಧಿ ಗೆಳೆಯರು ತಮ್ಮೂರಿನ ರಿಪೇರಿ ಅಂಗಡಿಗೆ ಕರೆದೊಯ್ದರು. ಅಂಗಡಿಯವನು ಡಿಸ್ಕನ್ನು ಬೆಳಕಿಗೆ ಹಿಡಿದು, "ಅಂಕಲ್, ಆಪ್‌ಕಿ ಡಿಸ್ಕ್ ಆಪ್‌ಕಿ ಮಶೀನ್ ಸೇ ಜ್ಯಾದಾ ಪಢೀ-ಲಿಖೀ ಹೈ" ಎಂದ. ಡಿಸ್ಕು ಮಶೀನಿಗಿಂತ ಹೆಚ್ಚು ಓದಿದ್ದಂತೆ. ಕೊನೆಗೆ ಅಷ್ಟೇ ಓದಿದ ಒಂದು ಪ್ಲೇಯರನ್ನು ಹುಡುಕಿಯೂ ಕೊಟ್ಟ. ಮಾವ ಅದನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಮನೆಗೆ ತಂದರು.

ಭಾನುವಾರ ಸಂಜೆ ಇಬ್ಬರು ಗೆಳೆಯರಿಗೂ ನನಗೂ ಆಹ್ವಾನ ಬಂತು. ಸದ್ದಾಗಬಾರದೆಂದು ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಬಂದ್. ಕುಕ್ಕರಿಗೂ ಸೀಟಿ ಹೊಡೆಯುವ ಅಪ್ಪಣೆಯಿಲ್ಲ.

"ಬೇಳೆ ಬೇಯುವುದು ಬೇಡವಾ?" ಅತ್ತೆ ಒಳಗಿನಿಂದ ಕೇಳಿದರು.

"ನಾನು ಮೂವತ್ತು ವರ್ಷ ಕಾದಿದ್ದೇನೆ. ಬೇಳೆ ಮೂರು ಹಾಡು ಕಾಯಲಿ."

ಹಾಡು ಶುರುವಾಯಿತು. ಸುಳ್ಳು ಹೇಳುವುದಿಲ್ಲ, ತಂತಿಯ ಮೇಲೆ ಬೆರಳು ಜಾರುವುದೂ ಕೇಳುತ್ತಿತ್ತು. ಗಾಯಕ ನಮ್ಮ ನಡುವೆಯೇ ಕುಳಿತು ಉಸಿರೆಳೆದಂತಿತ್ತು. ಮೂರನೆಯ ಹಾಡು ಬಂತು. ಆ ಸಾಲು ಬಂತು. ಅವನು ಬಹಳ ಸ್ಪಷ್ಟವಾಗಿ 'ವ್ಯಾಲಿ' ಎಂದ.

ವ್ಯಾಲಿ. ಕಣಿವೆ.

ಮಾವ ಮತ್ತೆ ಹಾಕಿದರು. ಮತ್ತೆ ವ್ಯಾಲಿ. ಮೂರನೆಯ ಸಲ ಹಾಕಿದಾಗ ಮಾಸ್ತರರು ನೆಲ ನೋಡುತ್ತ, "ವ್ಯಾಲೀಚ್ ಆಹೇ" ಎಂದರು. ನಗಬೇಕೆಂದೇ ಬಂದಿದ್ದ ನನಗೆ ನಗು ಬರಲಿಲ್ಲ. ಮಾವನ ಮುಖ ಅಷ್ಟು ಸಣ್ಣದಾಗಿತ್ತು.

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು.

"ಅವ ವ್ಯಾಲಿ ಅನ್ನುವುದು ಅಂತ ನನಗೆ ಮೊದಲ ದಿನವೇ ಗೊತ್ತಿತ್ತು."

ಮಾವ ತಲೆಯೆತ್ತಿದರು. "ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

ಅತ್ತೆ ಉತ್ತರವನ್ನು ನನಗೆ ಹೇಳಿದರು. "ಮದುವೆಯಾಗಿ ಡೊಂಬಿವಲಿಗೆ ಬಂದಾಗ ಒಂದೇ ಕೋಣೆಯ ಮನೆ. ಮನೆ ತುಂಬ ಗುರುತಿಲ್ಲದ ಜನ. ನಾನು ಹೊರಗಿನ ಗ್ಯಾಲರಿಯಲ್ಲೇ ನಿಂತು ಅಳುತ್ತಿದ್ದೆ. ಇವರು ಟೇಪು ಹಾಕಿ, 'ಕೇಳಿಸಿತಾ? ಬಿಳಿಯವನು ಕೂಡ ನಿಮ್ಮನ್ನು ಬಲೆ ಅಂತ ಕರೀತಿದ್ದಾನೆ' ಅಂದರು. ನಮ್ಮ ತವರಿನಲ್ಲಿ ಹೆಂಗಸರಿಗೆ ಯಾರೂ ಬಹುವಚನ ಕೊಟ್ಟದ್ದೇ ಇಲ್ಲ. ಅವ ಏನು ಹೇಳಿದ ಅಂತ ನನಗೆ ಯಾಕೆ? ಇವರು ಹೇಳಿದ್ದು ಕೇಳಿಸಿತು. ಒಳಗೆ ಬಂದೆ."

ಮಾವ ಸೋಫಾದ ಮೇಲೆ ಪಕ್ಕದಲ್ಲಿದ್ದ ಡಿಸ್ಕಿನ ಡಬ್ಬಿಯನ್ನು ಎತ್ತಿ ಜಾಗ ಮಾಡಿದರು. ಅತ್ತೆ ಕುಳಿತರು. ನಾಲ್ಕನೆಯ ಹಾಡು ಶುರುವಾಯಿತು. ನಾವು ಮೂವರು ಸದ್ದಾಗದಂತೆ ಅಡುಗೆಮನೆಗೆ ಹೋಗಿ ಚಹಾದ ಪುಡಿ ಹುಡುಕತೊಡಗಿದೆವು. ಅದು ಎಲ್ಲಿದೆಯೆಂದು ಅತ್ತೆಯನ್ನು ಕರೆದು ಕೇಳುವ ಧೈರ್ಯ ಒಬ್ಬರಿಗೂ ಆಗಲಿಲ್ಲ.